ಟೆಲಿವಿಷನ್ ಕಥೆಗಳ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ಕೇಳಿದೊಡನೆ ನಮ್ಮ ವಾಚಕರ ಮನಸ್ಸಿಗೆ ಬರುವುದು ಕಲ್ಲಿನ ಗುಡಿ. ಗೋಪುರದ ಮೇಲೆ ಅರಳಿಯ ಗಿಡ ಬೇರೂರಿರುತ್ತದೆ, ಮಂಟಪದ ಕಂಬ ವಾಲಿರುತ್ತದೆ. ಊರಿನ ಹಿರಿಯರು ನಾಲ್ವರು ಸೇರಿ, ಚಂದಾ ಎತ್ತಿ, ಅದನ್ನು ನೇರ್ಪಡಿಸುತ್ತಾರೆ. ಸಾವಿರ ವರ್ಷ ನಿಲ್ಲಲೆಂದು ಕಟ್ಟಿದ ವಸ್ತುವಿಗೆ ಇಂತಹ ಶುಶ್ರೂಷೆ ಸಹಜವೇ ಸರಿ. ಆದರೆ ಶನಿವಾರದ ಸಂಜೆ ಮಕ್ಕಳು ಅರ್ಧ ಗಂಟೆ ನೋಡಿ ಮರೆತುಬಿಡಲೆಂದು ಮಾಡಿದ ಟೆಲಿವಿಷನ್ ಕಥೆಗೂ ಜೀರ್ಣೋದ್ಧಾರವುಂಟೆ? ಉಂಟು. ಅದಕ್ಕಾಗಿ ತಮ್ಮ ಜೀವಮಾನದ ಬಹುಭಾಗವನ್ನು ವೆಚ್ಚಮಾಡಿದ ಜನರೂ ಉಂಟು. ಅವರ ಕೆಲಸವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಮ್ಮ ಇಷ್ಟ.

ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯವರು 1963ನೆಯ ಇಸವಿ ನವೆಂಬರ್ 23ರಂದು ‘ಡಾಕ್ಟರ್ ಹೂ’ ಎಂಬ ಕಥಾವಳಿಯನ್ನು ಆರಂಭಿಸಿದರು. ಹೆಸರು ಹೇಳದ ಒಬ್ಬ ವೃದ್ಧನು, ಹೊರಗಿನಿಂದ ನೋಡಿದರೆ ಪೋಲೀಸರ ಟೆಲಿಫೋನ್ ಪೆಟ್ಟಿಗೆಯಂತೆಯೂ ಒಳಹೊಕ್ಕರೆ ದೊಡ್ಡ ಅರಮನೆಯಂತೆಯೂ ಇರುವ ಒಂದು ಯಂತ್ರದಲ್ಲಿ ಕುಳಿತು, ಭೂತ ಭವಿಷ್ಯತ್ತುಗಳಲ್ಲಿ ಸಂಚಾರಮಾಡುವನು. ಒಂದು ವಾರ ಮಾರ್ಕೋ ಪೋಲೋವಿನ ಕಾಲದ ಚೀನಾ ದೇಶ, ಇನ್ನೊಂದು ವಾರ ಮನುಷ್ಯರೇ ಇಲ್ಲದ ಗ್ರಹ. ಕಥೆಗಳೆಲ್ಲ ಒಂದೇ ಗುಣದವಲ್ಲ. ರಟ್ಟಿನ ಗೋಡೆ ಅಲ್ಲಾಡುವುದೂ ರಬ್ಬರಿನ ರಾಕ್ಷಸನು ಎಡವುವುದೂ ಅಲ್ಲಲ್ಲಿ ಕಾಣುವುದುಂಟು. ಆದರೂ ವಿಲಿಯಮ್ ಹಾರ್ಟ್‌ನೆಲ್ ಎಂಬ ನಟನ ಆ ಸಿಡುಕು ಮುಖದ ಅಜ್ಜನನ್ನು ಆ ದೇಶದ ಮಕ್ಕಳು ಬಹಳವಾಗಿ ಮೆಚ್ಚಿದರು. 1966ರಲ್ಲಿ ಅವನ ಆರೋಗ್ಯ ಕೆಟ್ಟಾಗ, ಕಥಾನಾಯಕನು ಶರೀರವನ್ನೇ ಬದಲಾಯಿಸಬಲ್ಲನೆಂದು ಕಲ್ಪಿಸಿ, ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೊಬ್ಬ ನಟನನ್ನು ಆ ಸ್ಥಾನಕ್ಕೆ ತಂದರು. ನಮ್ಮ ಪುರಾಣಗಳ ಪರಕಾಯಪ್ರವೇಶವನ್ನು ಬಲ್ಲವರಿಗೆ ಇದೇನೂ ವಿಚಿತ್ರವಾಗಿ ತೋರದು. ಈ ಇಬ್ಬರ ಕಾಲದಲ್ಲಿ, ಎಂದರೆ 1969ರ ವರೆಗೆ, ಪ್ರಸಾರವಾದ ಕಂತುಗಳು 253.

ಈ 253ರಲ್ಲಿ ನೂರಕ್ಕಿಂತ ಹೆಚ್ಚು ಕಂತುಗಳನ್ನು ಬಿ.ಬಿ.ಸಿ.ಯವರು ತಮ್ಮ ಕೈಯಾರೆ ನಾಶಮಾಡಿದರು. ಬೆಂಕಿ ಬೀಳಲಿಲ್ಲ, ಪ್ರವಾಹ ಬರಲಿಲ್ಲ, ಶತ್ರುಗಳು ದಾಳಿ ಮಾಡಲಿಲ್ಲ. ಕಚೇರಿಯ ನಿತ್ಯದ ವ್ಯವಹಾರದಲ್ಲಿ, ಕಾಗದದ ಮೇಲೆ ರುಜುವಾಗಿ, ಒಂದೊಂದಾಗಿ ಅಳಿಸಿಹೋದುವು.

ಇದಕ್ಕೆ ಕಾರಣಗಳಿದ್ದುವು, ಆ ಕಾಲಕ್ಕೆ ಅವು ಸರಿಯಾದ ಕಾರಣಗಳಾಗಿಯೇ ತೋರಿರಬೇಕು. ಆಗಿನ ವೀಡಿಯೋ ಟೇಪು ಎರಡು ಅಂಗುಲ ಅಗಲದ್ದು, ಬಹು ಬೆಲೆಯದು. ಅಳಿಸಿ ಮತ್ತೆ ಉಪಯೋಗಿಸಬಹುದೆಂಬುದೇ ಅದರ ದೊಡ್ಡ ಗುಣವೆಂದು ಎಣಿಸಿದ್ದರು. ನಟರ ಸಂಘದೊಡನೆ ಇದ್ದ ಒಪ್ಪಂದದಂತೆ ಒಂದು ಕಾರ್ಯಕ್ರಮವನ್ನು ಮತ್ತೆ ಮತ್ತೆ ಪ್ರಸಾರಮಾಡುವಂತೆಯೂ ಇರಲಿಲ್ಲ. ಅಷ್ಟರಲ್ಲಿ ಬಣ್ಣದ ಟೆಲಿವಿಷನ್ ಬಂದಿತು. ಕಪ್ಪುಬಿಳುಪಿನ ಹಳೆಯ ಕಥೆಯನ್ನು ಕೊಳ್ಳುವವರು ಯಾರು? ಮನೆಯಲ್ಲಿ ಕುಳಿತು ಬೇಕಾದ ಕಥೆಯನ್ನು ಬೇಕಾದಾಗ ನೋಡುವ ಕಾಲ ಬರುವುದೆಂದು ಅಂದು ಯಾರೂ ಯೋಚಿಸಿರಲಿಲ್ಲ. ಇವೆಲ್ಲಕ್ಕಿಂತ ಕೆಟ್ಟುದು ಇನ್ನೊಂದಿತ್ತು. ವಿದೇಶಗಳಿಗೆ ಮಾರುವ ಸಲುವಾಗಿ ಕಂತುಗಳನ್ನು 16 ಮಿಲ್ಲಿಮೀಟರ್ ಫಿಲ್ಮಿಗೆ ಇಳಿಸುತ್ತಿದ್ದರು. ಆ ಫಿಲ್ಮುಗಳು ಒಂದು ಶಾಖೆಯ ವಶದಲ್ಲಿ, ಟೇಪುಗಳು ಇನ್ನೊಂದು ಶಾಖೆಯ ವಶದಲ್ಲಿ. ಮೂಲವನ್ನು ಕಾಪಾಡುವ ಹೊಣೆ ತನ್ನದಲ್ಲ, ಅದು ಮತ್ತೊಬ್ಬರದು ಎಂದು ಪ್ರತಿಯೊಂದು ಶಾಖೆಯೂ ತಿಳಿದಿತ್ತು. ಇಬ್ಬರು ಸೊಸೆಯರು ಹಾಲನ್ನು ಒಲೆಯ ಮೇಲಿಟ್ಟು, ಅವಳು ನೋಡುತ್ತಾಳೆಂದು ಇವಳೂ ಇವಳು ನೋಡುತ್ತಾಳೆಂದು ಅವಳೂ ನಂಬಿದರೆ ಹಾಲಿಗೆ ಏನಾಗುವುದೋ ಇಲ್ಲಿಯೂ ಅದೇ ಆಯಿತು. 1978ರ ಸುಮಾರಿಗೆ ಈ ನಾಶವು ನಿಂತಿತು. ಆ ವೇಳೆಗೆ ಹೋದುವು ಈ ಮಕ್ಕಳ ಕಥೆಗಳು ಮಾತ್ರವಲ್ಲ. ಬಾಬ್ ಡಿಲನ್ ಎಂಬ ಅಮೆರಿಕದ ಗಾಯಕನು ಎಳವೆಯಲ್ಲಿ ಪಾತ್ರವಹಿಸಿದ್ದ 1963ರ ನಾಟಕವೊಂದು ಹೋಯಿತು. 1969ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟ ರಾತ್ರಿ ಬಿ.ಬಿ.ಸಿ.ಯ ಸ್ಟುಡಿಯೋದಿಂದ ಪ್ರಸಾರವಾದ ಕಾರ್ಯಕ್ರಮವೂ ಬಹುಮಟ್ಟಿಗೆ ಹೋಯಿತು.

ಇದನ್ನೋದಿ ವಾಚಕರು ಆ ಅಧಿಕಾರಿಗಳನ್ನು ಜರಿಯುವ ಮುನ್ನ ನಮ್ಮ ಮನೆಯಲ್ಲಿ ನಡೆದುದನ್ನೂ ಹೇಳಿಬಿಡುತ್ತೇವೆ. ನಮ್ಮ ಸೋದರತ್ತೆಯವರು ಹಸೆಗೆ ಕರೆಯುವ ಹಾಡುಗಳನ್ನು ಬಹು ಇಂಪಾಗಿ ಹಾಡುತ್ತಿದ್ದರು. ಒಂದು ಮದುವೆಯಲ್ಲಿ ಅವರ ಹಾಡನ್ನು ಕ್ಯಾಸೆಟ್ಟಿಗೆ ತುಂಬಿ ತಂದೆವು, ತಂದು ಗೂಡಿನಲ್ಲಿಟ್ಟೆವು. ಎರಡು ವರ್ಷಗಳ ತರುವಾಯ ಮನೆಯ ಹುಡುಗನೊಬ್ಬನು ಅದೇ ಕ್ಯಾಸೆಟ್ಟಿಗೆ ರೇಡಿಯೋದ ಕ್ರಿಕೆಟ್ ವರ್ಣನೆಯನ್ನು ತುಂಬಿಸಿಕೊಂಡನು. ಅತ್ತೆಯವರು ಆಗಲೇ ತೀರಿಹೋಗಿದ್ದರು. ಹುಡುಗನನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. ಕ್ಯಾಸೆಟ್ಟಿನ ಮೇಲೆ ಹೆಸರು ಬರೆದಿಡದವರು ನಾವೇ ಅಲ್ಲವೆ?

ಇನ್ನು ಉಳಿದುವು ಹೇಗೆ ಉಳಿದುವೆಂಬುದನ್ನು ನೋಡೋಣ. ಕಥೆಗಳಿಗಿಂತ ಈ ಕಥೆಯೇ ಹೆಚ್ಚು ಸ್ವಾರಸ್ಯವಾದುದೆಂದು ನಮ್ಮ ಅಭಿಪ್ರಾಯ.

ವಿದೇಶಕ್ಕೆ ಹೋದ ಫಿಲ್ಮಿನ ಡಬ್ಬಿಗಳು ಒಂದೂರಿನ ಕೇಂದ್ರದಿಂದ ಇನ್ನೊಂದೂರಿನ ಕೇಂದ್ರಕ್ಕೆ ಕೈಬದಲಾಗುತ್ತಿದ್ದುವು. ಪ್ರಸಾರ ಮುಗಿದ ಮೇಲೆ ಅವನ್ನು ಹಿಂದಕ್ಕೆ ಕಳುಹಿಸಬೇಕು, ಇಲ್ಲವೆ ನಾಶಮಾಡಿ ಹಾಗೆಂದು ಬರೆದು ತಿಳಿಸಬೇಕು. ವಿಧೇಯರಾದ ನೌಕರರು ನಾಶಮಾಡಿದರು. ಸೋಮಾರಿಗಳಾದವರು ಡಬ್ಬಿಗಳನ್ನು ಮೂಲೆಗೆ ತಳ್ಳಿ ಸುಮ್ಮನಾದರು. ಈಗ ನಾವು ಕೃತಜ್ಞತೆಯಿಂದ ನೆನೆಯಬೇಕಾದುದು ಈ ಎರಡನೆಯವರನ್ನು! 1967ರ ‘ಟೂಂಬ್ ಆಫ್ ದಿ ಸೈಬರ್‌ಮೆನ್’ ಎಂಬ ನಾಲ್ಕು ಕಂತುಗಳ ಕಥೆ ಇಡಿಯಾಗಿ ಕಳೆದುಹೋಗಿತ್ತು. ಅದು ಹಾಂಗ್‌ಕಾಂಗಿನಿಂದ ಹಿಂದಿರುಗಿ 1992ರಲ್ಲಿ ಜನರ ಕೈಸೇರಿತು. ಲಂಡನ್ ನಗರದಲ್ಲಿಯೇ ಒಂದು ಚರ್ಚಿನ ನೆಲಮಾಳಿಗೆಯಲ್ಲಿ 1983ರಲ್ಲಿ ಎರಡು ಕಂತುಗಳು ದೊರೆತುವು. 1999ರಲ್ಲಿ ನ್ಯೂಜಿಲೆಂಡಿನಲ್ಲಿ ಒಂದು; 2011ರಲ್ಲಿ ನಿವೃತ್ತ ಇಂಜಿನಿಯರರೊಬ್ಬರ ಸಂಗ್ರಹದಲ್ಲಿ ಎರಡು. ಎಲ್ಲಕ್ಕಿಂತ ದೊಡ್ಡ ನಿಧಿ ಆಫ್ರಿಕಾ ಖಂಡದಲ್ಲಿ ಸಿಕ್ಕಿತು. ಫಿಲಿಪ್ ಮಾರಿಸ್ ಎಂಬವರು ದೇಶದೇಶಗಳ ಪ್ರಸಾರಕೇಂದ್ರಗಳನ್ನು ಸುತ್ತಿ, ನೈಜೀರಿಯದ ಜೋಸ್ ಎಂಬ ಊರಿನ ಕೇಂದ್ರದ ಉಗ್ರಾಣದಲ್ಲಿ ಧೂಳುಹಿಡಿದ ಡಬ್ಬಿಗಳನ್ನು ಕಂಡರು. ಅವುಗಳಲ್ಲಿ ಕಾಣೆಯಾಗಿದ್ದ ಒಂಬತ್ತು ಕಂತುಗಳಿದ್ದುವೆಂಬ ಸುದ್ದಿ 2013ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಅವನ್ನೆಲ್ಲ ಲೆಕ್ಕ ಹಾಕಿದ ಮೇಲೆ ಆ ವರ್ಷದ ಕೊನೆಗೆ ಇನ್ನೂ ದೊರೆಯದೆ ನಿಂತ ಕಂತುಗಳ ಸಂಖ್ಯೆ 97.

ಮೈಸೂರಿನವರಿಗೆ ಇದು ಅಪರಿಚಿತವಾದ ಕಥೆಯೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಹೆಸರು ಮಾತ್ರ ಉಳಿದ ಗ್ರಂಥವಾಗಿದ್ದಾಗ, ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಯ ಪ್ರತಿಯೊಂದನ್ನು ತಂದು ಇಲ್ಲಿಯ ಓರಿಯಂಟಲ್ ಲೈಬ್ರರಿಗೆ ಕೊಟ್ಟರು, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದರು. ಕೌಟಿಲ್ಯನಿಗೂ ರಬ್ಬರಿನ ರಾಕ್ಷಸರಿಗೂ ಏನು ಹೋಲಿಕೆ ಎಂದು ಪಂಡಿತರು ಕೋಪಿಸಿಕೊಳ್ಳಬಾರದು. ಒಂದೇ ಕಡೆ ಕೂಡಿಟ್ಟುದು ಒಮ್ಮೆಲೇ ಹೋಗುವುದೆಂಬುದೂ ದೂರಕ್ಕೆ ಚದರಿದುದು ಎಲ್ಲಾದರೂ ಒಂದು ಕಡೆ ಉಳಿಯುವುದೆಂಬುದೂ ಎರಡಕ್ಕೂ ಸಮಾನ.

ಚಿತ್ರ ಹೋದ ಕಂತುಗಳೂ ಸಂಪೂರ್ಣವಾಗಿ ಹೋಗಲಿಲ್ಲ. ಇದು ಆಶ್ಚರ್ಯ. ಆ ಕಾಲದ ಕೆಲವರು ಹುಡುಗರು, ಮನೆಯ ಟೆಲಿವಿಷನ್ನಿನ ಮುಂದೆ ಟೇಪ್‌ರೆಕಾರ್ಡರನ್ನಿಟ್ಟು, ತಾಯಿತಂದೆಗಳನ್ನು ಸದ್ದುಮಾಡಬೇಡಿರೆಂದು ಬೇಡಿಕೊಂಡು, ಪ್ರತಿ ಶನಿವಾರವೂ ಕಥೆಯ ಧ್ವನಿಯನ್ನು ತುಂಬಿಟ್ಟುಕೊಂಡಿದ್ದರು. ಅವರ ಪುಣ್ಯದಿಂದ, ಚಿತ್ರ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಒಂದೂ ತಪ್ಪಿಲ್ಲ! ಕೋಟ್ಯಂತರ ಹಣದ ಸಂಸ್ಥೆಯು ಮಾಡದ ಕೆಲಸವನ್ನು ಶಾಲೆಯ ಹುಡುಗರು ತಮ್ಮ ಕೈಖರ್ಚಿನ ಕಾಸಿನಲ್ಲಿ ಮಾಡಿದರು. ಜಾನ್ ಕ್ಯೂರಾ ಎಂಬ ಛಾಯಾಚಿತ್ರಗಾರನು ಪ್ರಸಾರವಾಗುತ್ತಿದ್ದಂತೆಯೇ ತೆರೆಯ ಮೇಲಿನ ಚಿತ್ರವನ್ನು ಕ್ಷಣಕ್ಷಣಕ್ಕೂ ತೆಗೆದು, ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದನು. ಅವನ ಪುಟ್ಟ ಚಿತ್ರಗಳೂ ಉಳಿದುವು. ಇವೆರಡನ್ನೂ ಜೋಡಿಸಿದರೆ, ಕಣ್ಣಿಗೆ ನಿಶ್ಚಲ ಚಿತ್ರವೂ ಕಿವಿಗೆ ಮಾತೂ ದೊರೆತು ಕಥೆಯು ಅರ್ಧ ಜೀವದಿಂದ ಎದ್ದು ಕುಳಿತುಕೊಳ್ಳುತ್ತದೆ.

ಇನ್ನೊಂದು ತಮಾಷೆಯುಂಟು. ಆಸ್ಟ್ರೇಲಿಯದ ಸೆನ್ಸಾರ್ ಅಧಿಕಾರಿಗಳು ಈ ಕಥೆಗಳಲ್ಲಿ ಮಕ್ಕಳನ್ನು ಹೆದರಿಸುವ ಭಾಗಗಳನ್ನು ಕತ್ತರಿಸಿ ತೆಗೆಯುತ್ತಿದ್ದರು. ಕತ್ತರಿಸಿದ ತುಂಡುಗಳನ್ನು ಎಸೆಯದೆ ಸರಕಾರದ ಕಡತದಲ್ಲಿಟ್ಟಿದ್ದರು. 1996ರಲ್ಲಿ ಅವು ಬೆಳಕಿಗೆ ಬಂದುವು. ಹೀಗಾಗಿ, ಯಾರೂ ನೋಡಬಾರದೆಂದು ಕತ್ತರಿಸಿದ ಕೊಲೆ, ಕತ್ತು ಹಿಸುಕುವಿಕೆ ಮುಂತಾದುವು ಮಾತ್ರ ಇಂದು ನೋಡಲು ಸಿಕ್ಕುತ್ತವೆ. ನೋಡಬಹುದೆಂದು ಬಿಟ್ಟ ಸಾಧುವಾದ ಭಾಗವೆಲ್ಲ ಮಾಯವಾಗಿದೆ. ಹಾರ್ಟ್‌ನೆಲ್ ಮುದುಕನು ಶರೀರ ಬದಲಾಯಿಸುವ ಪ್ರಸಿದ್ಧ ದೃಶ್ಯವೂ ಹೀಗೆಯೇ ಪಾರಾಯಿತು. ಆ ಕಂತು ಹೋದರೂ, 1973ರಲ್ಲಿ ‘ಬ್ಲೂ ಪೀಟರ್’ ಎಂಬ ಬೇರೊಂದು ಮಕ್ಕಳ ಕಾರ್ಯಕ್ರಮದಲ್ಲಿ ಆ ತುಂಡನ್ನು ತೋರಿಸಿದ್ದರು. ಆ ಕಾರ್ಯಕ್ರಮವನ್ನು ಯಾರೂ ಅಳಿಸಲಿಲ್ಲ.

ಹೀಗೆ ದೊರೆತ ಫಿಲ್ಮು ನೋಡುವ ಸ್ಥಿತಿಯಲ್ಲಿ ಇರುವುದು ಅಪರೂಪ. ಗೀರು, ಧೂಳು, ಕಲೆ, ಹರಿದ ಅಂಚು, ಗೊರಗೊರನೆಯ ಶಬ್ದ. ಅದನ್ನು ಮೃದುವಾಗಿ ತೊಳೆದು, ಒಂದೊಂದು ಚೌಕಟ್ಟನ್ನೂ ಕಂಪ್ಯೂಟರಿಗೆ ಇಳಿಸಿ, ಗೀರುಗಳನ್ನು ಅಕ್ಕಪಕ್ಕದ ಚೌಕಟ್ಟುಗಳ ಸಹಾಯದಿಂದ ತುಂಬುತ್ತಾರೆ. 25 ನಿಮಿಷಗಳ ಒಂದು ಕಂತಿನಲ್ಲಿ ಮೂವತ್ತೇಳು ಸಾವಿರಕ್ಕೂ ಮೇಲ್ಪಟ್ಟು ಚೌಕಟ್ಟುಗಳಿರುತ್ತವೆಂಬುದನ್ನು ನೆನೆದರೆ ಈ ಕೆಲಸದ ತಾಳ್ಮೆ ಎಷ್ಟೆಂಬುದು ಗೊತ್ತಾಗುತ್ತದೆ. ಆ ಮೇಲೆ ಚಲನೆಯ ಪ್ರಶ್ನೆ. ಟೆಲಿವಿಷನ್ ಕ್ಯಾಮರಾ ಒಂದು ಸೆಕೆಂಡಿಗೆ 50 ಸಲ ನೋಡುತ್ತಿತ್ತು. ತೆರೆಯ ಮುಂದಿಟ್ಟು ತೆಗೆದ ಫಿಲ್ಮಿನಲ್ಲಿ ನಿಂತುದು 25 ಚಿತ್ರಗಳು ಮಾತ್ರ. ಆದುದರಿಂದ ಮನೆಯಲ್ಲಿ ಅಂದು ನೋಡಿದ ನುಣುಪಾದ ಚಲನೆ, ಎದುರಿಗೇ ನಡೆಯುತ್ತಿದೆಯೆಂಬ ಆ ಭಾವನೆ, ಫಿಲ್ಮಿನಲ್ಲಿ ಇಲ್ಲ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಇದ್ದಿರಬೇಕಾದುದನ್ನು ಗಣಿತದಿಂದ ಊಹಿಸಿ ತುಂಬುವ ‘ವಿಡ್‌ಫೈರ್’ ಎಂಬ ವಿಧಾನದಿಂದ ಅದನ್ನು ಮರಳಿಸುತ್ತಾರೆ. ಮೊದಲು ಹಳೆಯದನ್ನೂ ಆಮೇಲೆ ಇದನ್ನೂ ನೋಡಿದರೆ, ಪರದೆಯ ಹಿಂದಿದ್ದವರು ಪರದೆಯನ್ನು ಸರಿಸಿ ಈಚೆಗೆ ಬಂದಂತಾಗುತ್ತದೆ.

ಬಣ್ಣದ ವಿಷಯವಂತೂ ಇಂದ್ರಜಾಲವೇ. 1970ರ ಅನಂತರದ ಕೆಲವು ಕಥೆಗಳನ್ನು ಬಣ್ಣದಲ್ಲಿ ತೆಗೆದಿದ್ದರೂ, ಟೇಪು ಅಳಿಸಿಹೋಗಿ ಕಪ್ಪುಬಿಳುಪಿನ ಫಿಲ್ಮು ಮಾತ್ರ ಉಳಿದಿತ್ತು. ಬಣ್ಣದ ಸಂಕೇತವನ್ನು ಕಪ್ಪುಬಿಳುಪಿನ ತೆರೆಯ ಮೇಲೆ ತೋರಿಸಿದರೆ ಚಿತ್ರದ ತುಂಬ ಅತಿಸೂಕ್ಷ್ಮವಾದ ಚುಕ್ಕೆಗಳು ಮೂಡುತ್ತವೆ. ಫಿಲ್ಮಿಗೆ ಇಳಿಸುವಾಗ ಅವನ್ನು ಸೋಸಿ ತೆಗೆಯಬೇಕಾಗಿತ್ತು. ಅನೇಕ ವೇಳೆ ಸೋಸುತ್ತಿರಲಿಲ್ಲ. ಇಲ್ಲಿಯೂ ಅಲಕ್ಷ್ಯವೇ ಉಪಕಾರಿಯಾಯಿತೆನ್ನಿ! ಅರಿಸಿನದ ಕೊಂಬನ್ನು ಕಟ್ಟಿಟ್ಟಿದ್ದ ಬಟ್ಟೆಯನ್ನು ಎಷ್ಟು ಒಗೆದರೂ ಕಲೆ ಉಳಿಯುವುದಷ್ಟೆ. ಹಾಗೆ ಆ ಚುಕ್ಕೆಗಳಲ್ಲಿ ಮೂಲದ ಬಣ್ಣದ ಲೆಕ್ಕವೆಲ್ಲ ಅಡಗಿತ್ತು. ನಲವತ್ತು ವರ್ಷಗಳ ತರುವಾಯ ತಜ್ಞರು ಚುಕ್ಕೆಗಳನ್ನೋದಿ ಬಣ್ಣವನ್ನು ಹಿಂದಕ್ಕೆ ತಂದರು. ‘ಡ್ಯಾಡ್ಸ್ ಆರ್ಮಿ’ ಎಂಬ ಹಾಸ್ಯ ಕಥಾವಳಿಯ ಒಂದು ಕಂತು ಹೀಗೆ ಬಣ್ಣ ತಳೆದು 2008ರಲ್ಲಿ ಪ್ರಸಾರವಾಯಿತು. 1971ರ ‘ದಿ ಮೈಂಡ್ ಆಫ್ ಈವಿಲ್’ ಕಥೆಯ ಆರು ಕಂತುಗಳಲ್ಲಿ ಐದಕ್ಕೆ 2013ರಲ್ಲಿ ಈ ರೀತಿಯಿಂದಲೇ ಬಣ್ಣ ಬಂದಿತು. ಮೊದಲನೆಯ ಕಂತಿನಲ್ಲಿ ಚುಕ್ಕೆಗಳು ಇರಲಿಲ್ಲವಾಗಿ, ಅದನ್ನು ಚಿತ್ರಗಾರರಂತೆ ಕೈಯಿಂದಲೇ ಬಣ್ಣಗೊಳಿಸಬೇಕಾಯಿತು.

ಇಷ್ಟು ಶ್ರಮ ಮಕ್ಕಳ ಕಥೆಗೇಕೆ ಎಂದು ಕೇಳುವವರಿದ್ದಾರೆ. ನಮ್ಮ ಮನೆಯಲ್ಲಿಯೇ ಕೇಳಿದರು. ಇದಕ್ಕೆ ನಾವು ಕೊಡುವ ಉತ್ತರ ನ್ಯಾಯಕ್ಕೆ ಸಂಬಂಧಪಟ್ಟುದು. ಮೇಲೆ ಹೇಳಿದ ಸೈಬರ್‌ಮೆನ್ ಕಥೆಯನ್ನು, ಅದು ಕಾಣೆಯಾಗಿದ್ದ ದಿನಗಳಲ್ಲಿ, ಬಾಲ್ಯದ ನೆನಪಿನಿಂದ ಅಭಿಮಾನಿಗಳು ಮಹಾಕೃತಿಯೆಂದು ಕೊಂಡಾಡುತ್ತಿದ್ದರು. ಹಿಂದಿರುಗಿದಾಗ ನೋಡಿದರೆ ಒಳ್ಳೆಯ ಕಥೆಯೇ ಹೌದು. ಆದರೆ ಪಾತ್ರಧಾರಿಯನ್ನು ಮೇಲಕ್ಕೆತ್ತಿ ಎಸೆಯುವಾಗ ಅವನನ್ನು ಹಿಡಿದ ತಂತಿ ಸ್ಪಷ್ಟವಾಗಿ ಕಾಣುತ್ತಿತ್ತು! ಕೆಲವರಿಗೆ ನಿರಾಶೆಯಾಯಿತು. ಇದಕ್ಕೆ ಪ್ರತಿಯಾಗಿ ‘ದಿ ಎನಿಮಿ ಆಫ್ ದಿ ವರ್ಲ್ಡ್’ ಎಂಬ ಆರು ಕಂತುಗಳ ಕಥೆಯಲ್ಲಿ ಮೂರನೆಯದು ಮಾತ್ರ ಉಳಿದಿತ್ತು. ಆ ಒಂದನ್ನು ನೋಡಿ, ಮಿಕ್ಕುದನ್ನು ಕೇಳಿ, ಅದು ನೀರಸವಾದ ಕಥೆಯೆಂದು ಬಹುಜನ ತೀರ್ಪು ಕೊಟ್ಟಿದ್ದರು. ನೈಜೀರಿಯದಿಂದ ಉಳಿದ ಐದೂ ಬಂದಾಗ ತೀರ್ಪು ತಿರುಗಿತು. ಟ್ರೌಟನ್ ಅದರಲ್ಲಿ ಎರಡು ಪಾತ್ರ ವಹಿಸಿದ್ದಾನೆ: ಒಬ್ಬನು ನಮ್ಮ ಸೌಮ್ಯನಾದ ನಾಯಕ, ಇನ್ನೊಬ್ಬನು ಅವನದೇ ಮುಖದ ಕ್ರೂರಿಯಾದ ಸಲಮಾಂಡರ್. ಹುಬ್ಬಿನ ಚಲನೆಯಿಂದಲೇ ಇವನು ಯಾರೆಂದು ತಿಳಿಯುವಂತೆ ಅವನು ಅಭಿನಯಿಸಿದ್ದಾನೆ. ಇದನ್ನು ಧ್ವನಿಯಿಂದ ಅಳೆಯುವುದು ಹೇಗೆ? ಟ್ರೌಟನ್ 1987ರಲ್ಲಿಯೇ ತೀರಿಹೋದನು. ಅವನ ಪರವಾಗಿ ಸಾಕ್ಷಿ ಹೇಳಬೇಕಾದ ಡಬ್ಬಿಗಳು ಇಪ್ಪತ್ತಾರು ವರ್ಷ ತಡವಾಗಿ ಬಂದುವು. ಬಂದುವಲ್ಲ ಎಂಬುದೇ ಸಮಾಧಾನ.

ನಮ್ಮಲ್ಲಿಯೂ ಇದರ ಅನುಭವವುಂಟು. 2020ರಲ್ಲಿ ರೋಗದ ಭಯದಿಂದ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಸರಕಾರದ ದೂರದರ್ಶನದವರು 1987ರಲ್ಲಿ ಆರಂಭವಾಗಿದ್ದ ‘ರಾಮಾಯಣ’ವನ್ನು ಮತ್ತೆ ಪ್ರಸಾರಮಾಡಿದರು. ಅಂದು ಅಜ್ಜಿಯ ತೊಡೆಯ ಮೇಲೆ ಕುಳಿತು ನೋಡಿದವರು ಈಗ ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರು. ಟೇಪು ಉಳಿದಿದ್ದುದರಿಂದ ಇದು ಸಾಧ್ಯವಾಯಿತು.

ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವುದೆಲ್ಲವನ್ನೂ ನಾವು ಒಪ್ಪಲಾರೆವು. ಹಳೆಯ ಗುಡಿಯ ಕಲ್ಲಿನ ಮೇಲೆ ಹೊಳೆಯುವ ಎಣ್ಣೆಯ ಬಣ್ಣ ಬಳಿದು ಭಕ್ತಿ ತೋರಿಸುವವರನ್ನು ವಾಚಕರು ಕಂಡಿದ್ದಾರೆ. 2023ರಲ್ಲಿ ಈ ಕಥಾವಳಿಯ ಅರುವತ್ತನೆಯ ವರ್ಷದ ಉತ್ಸವಕ್ಕೆಂದು, ಏಳು ಕಂತುಗಳ ಮೊದಲ ‘ಡಾಲೆಕ್’ ಕಥೆಗೆ ಬಣ್ಣ ಹಾಕಿ, 75 ನಿಮಿಷಗಳಿಗೆ ಕತ್ತರಿಸಿ ತೋರಿಸಿದರು. ಇದು ಹೊಸಬರನ್ನು ಕರೆಯುವ ಉಪಾಯವೆಂದರೆ ಆಕ್ಷೇಪವಿಲ್ಲ, ಉದ್ಧಾರವೆಂದು ಕರೆಯಬಾರದು. ಎಂದೂ ಇಲ್ಲದಿದ್ದ ಬಣ್ಣವನ್ನು ಕೊಡುವುದಕ್ಕೂ ಇದ್ದ ಬಣ್ಣವನ್ನು ಹುಡುಕಿ ತರುವುದಕ್ಕೂ ಅಜಗಜಾಂತರ. ಹೋದ ಕಂತುಗಳ ಧ್ವನಿಗೆ ಹೊಸದಾಗಿ ಚಲಿಸುವ ಚಿತ್ರಗಳನ್ನು ಬರೆದು ಕೂಡಿಸುವ ಪದ್ಧತಿಯೂ 2006ರಿಂದ ನಡೆದುಬಂದಿದೆ. ಅದನ್ನು ನಾವು ಅಷ್ಟಾಗಿ ದೂಷಿಸೆವು, ಏಕೆಂದರೆ ಬರೆದ ಚಿತ್ರವೆಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಅದು ಯಾರನ್ನೂ ಮೋಸಗೊಳಿಸುವುದಿಲ್ಲ.

ಒಳ್ಳೆಯ ಉದ್ಧಾರಕರ ಒಂದು ನಿಯಮ ನಮಗೆ ಬಹಳ ಹಿಡಿಸಿತು. ಗೀರನ್ನು ತೆಗೆಯುತ್ತಾರೆ, ತಪ್ಪನ್ನು ತೆಗೆಯುವುದಿಲ್ಲ. ಆ ಕಾಲದಲ್ಲಿ ಟೇಪನ್ನು ಕತ್ತರಿಸಿ ಜೋಡಿಸುವುದು ಬಹು ಕಷ್ಟವಾಗಿದ್ದುದರಿಂದ ನಟರು ಮಾತು ತಪ್ಪಿದರೂ ಹಾಗೆಯೇ ಮುಂದುವರಿಯುತ್ತಿದ್ದರು. ಹಾರ್ಟ್‌ನೆಲ್ ಅನೇಕ ವೇಳೆ ತೊದಲುತ್ತಾನೆ, ಒಂದು ಪದಕ್ಕೆ ಇನ್ನೊಂದನ್ನು ಹೇಳಿ ಸಾವರಿಸಿಕೊಳ್ಳುತ್ತಾನೆ. ಆ ತೊದಲನ್ನು ಈಗ ಕಂಪ್ಯೂಟರಿನಲ್ಲಿ ಅಳಿಸಿಬಿಡುವುದು ಕ್ಷಣದ ಕೆಲಸ. ಯಾರೂ ಅಳಿಸಿಲ್ಲ. ಸೈಬರ್‌ಮೆನ್ ಕಥೆಯ ತಂತಿಯೂ ಹಾಗೆಯೇ ಇದೆ.

ನೈಜೀರಿಯದಿಂದ ಬಂದ ಎರಡನೆಯ ಕಥೆ ‘ದಿ ವೆಬ್ ಆಫ್ ಫಿಯರ್’. ಲಂಡನ್ನಿನ ನೆಲದಡಿಯ ರೈಲುದಾರಿಯಲ್ಲಿ ನಡೆಯುವ ಭಯಾನಕ ಕಥೆ. ಸಣ್ಣ ಮಕ್ಕಳಿಗೆ ರಾತ್ರಿಯ ಹೊತ್ತು ತೋರಿಸತಕ್ಕುದಲ್ಲ. ಇದರ ಆರು ಕಂತುಗಳಲ್ಲಿ ಮೂರನೆಯದು ಮಾತ್ರ ಆ ಡಬ್ಬಿಗಳ ಜೊತೆಯಲ್ಲಿ ಬರಲಿಲ್ಲ. ಮುಂದೆ ಹಲವು ವರ್ಷ ನಾಯಕನ ಆಪ್ತಮಿತ್ರನಾಗಿ ಪ್ರಸಿದ್ಧನಾದ ಲೆತ್‌ಬ್ರಿಜ್ ಸ್ಟುವರ್ಟ್ ಎಂಬ ಸೇನಾಧಿಕಾರಿ ಈ ಕಥಾವಳಿಯನ್ನು ಸರಿಯಾಗಿ ಪ್ರವೇಶಿಸುವುದು ಆ ಮೂರನೆಯ ಕಂತಿನಲ್ಲಿಯೇ. 2013ರ ಪ್ರಕಟಣೆಯಲ್ಲಿ ಆ ಭಾಗವನ್ನು ನಿಶ್ಚಲ ಚಿತ್ರಗಳಿಂದಲೂ ಹುಡುಗರು ತುಂಬಿಟ್ಟ ಧ್ವನಿಯಿಂದಲೂ ಜೋಡಿಸಿ ಕೊಟ್ಟರು. ಎರಡನೆಯ ಕಂತು ಮುಗಿದು ಮೂರನೆಯದು ಬರುತ್ತಲೇ ಚಲನೆ ನಿಲ್ಲುತ್ತದೆ, ಮುಖಗಳು ಕದಲುವುದಿಲ್ಲ, ಮಾತು ಮಾತ್ರ ನಡೆಯುತ್ತಿರುತ್ತದೆ. 25 ನಿಮಿಷಗಳಾದ ಮೇಲೆ ಎಲ್ಲರೂ ಮತ್ತೆ ನಡೆದಾಡತೊಡಗುತ್ತಾರೆ.